ಹೇಳಿದ ಹಾಗೇ ಬರೆಯುವ ಲೆಕ್ಕ

(ಮಂಡ್ಯದಲ್ಲಿ ಹಿರಿಯ ಪ್ರಾಥಮಿಕ ಶಾಲೆಗಳ ಗಣಿತ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ರಾಜು ಹತ್ತಿರ 12 ಗೋಲಿ ಇವೆ. ಅದು ಸೋಮನ ಗೋಲಿಗಿಂತ 5 ಜಾಸ್ತಿ. ಸೋಮನ ಹತ್ತಿರ ಎಷ್ಟಿವೆ?

ನಿಮಗೆಲ್ಲ 7 ಅಂತ ಬಾಯಿಗೆ ಬಂದುಬಿಟ್ಟಿತು. ನಾಳೆ ನಿಮ್ಮ ಐದನೇ ಕ್ಲಾಸಿನಲ್ಲಿ ಕೇಳಿ ನೋಡಿ. 17 ಅನ್ನುವವರು ಎಷ್ಟು ಜನ ಎಣಿಸಿ. ಆ ಮಕ್ಕಳಿಗೆ ಕೂಡುವುದೂ ಕಳೆಯುವುದೂ ಚೆನ್ನಾಗಿ ಬರುತ್ತದೆ. 'ಜಾಸ್ತಿ' ಅನ್ನುವ ಮಾತು ಕಿವಿಗೆ ಬಿತ್ತು, ಕೂಡಿದರು. ಹಾಗೆ ಮಾಡು ಅಂತ ಹೇಳಿಕೊಟ್ಟವರು ನಾವೇ. ನಾನೂ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇನೆ. ಬೋರ್ಡಿನ ಒಂದು ಮೂಲೆಯಲ್ಲಿ ಪಟ್ಟಿ ಬರೆದಿಡುತ್ತಿದ್ದೆ. ಒಟ್ಟು, ಜಾಸ್ತಿ, ಸೇರಿಸಿ ಅಂದರೆ ಕೂಡು. ಕಮ್ಮಿ, ಉಳಿದದ್ದು, ಖರ್ಚು ಅಂದರೆ ಕಳೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಆಮೇಲೆ ಅವರು ಲೆಕ್ಕ ಓದುವುದನ್ನೇ ಬಿಟ್ಟರು. ಎರಡು ಸಂಖ್ಯೆ ಹುಡುಕುವುದು, ಪಟ್ಟಿಯಲ್ಲಿರುವ ಒಂದು ಮಾತು ಹುಡುಕುವುದು, ಮುಗಿಯಿತು. ಆ ಪಟ್ಟಿ ತಪ್ಪು ಅಂತ ನನಗೆ ಗೊತ್ತಾಗಲು ಬಹಳ ಕಾಲ ಬೇಕಾಯಿತು. ಈಗಲೂ ಅದನ್ನು ನೆನೆದರೆ ಸಂಕಟವಾಗುತ್ತದೆ.

ಈಗ ಅದೇ ಲೆಕ್ಕವನ್ನು ಇನ್ನೊಂದು ರೀತಿ ನೋಡೋಣ. ಸೋಮನ ಗೋಲಿ ಎಷ್ಟೋ ಗೊತ್ತಿಲ್ಲ. ಅದಕ್ಕೊಂದು ಡಬ್ಬಿ ಬರೆಯೋಣ. ಆ ಡಬ್ಬಿಯಲ್ಲಿ ಇರುವುದಕ್ಕೆ 5 ಸೇರಿಸಿದರೆ ರಾಜುವಿನ 12 ಆಗುತ್ತದೆ.

□ + 5 = 12

ನೋಡಿ, ಕತೆಯಲ್ಲಿ 'ಜಾಸ್ತಿ' ಇತ್ತು, ನಾವೂ ಪ್ಲಸ್ ಹಾಕಿದೆವು. 17 ಅಂದ ಮಗುವಿನ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿತ್ತು. ಕೇಳಿಸಿದ ಪ್ಲಸ್ಸನ್ನು ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ, ಅಷ್ಟೇ. ಸಾದಾ ಲೆಕ್ಕದಲ್ಲಿ ಮಗು ಕತೆಯನ್ನು ತಲೆಯೊಳಗೇ ತಿರುವಿ ಹಾಕಿ 12 − 5 ಅಂತ ಮಾಡಬೇಕು. ಹತ್ತು ವರ್ಷದ ಮಗುವಿಗೆ ಅದು ಭಾರ. ಬೀಜಗಣಿತದಲ್ಲಿ ಕತೆಯನ್ನು ಹೇಳಿದ ಹಾಗೇ ಬರೆದುಬಿಡುತ್ತೇವೆ. ತಿರುವಿ ಹಾಕುವ ಕೆಲಸ ಆಮೇಲೆ, ಕಾಗದದ ಮೇಲೆ, ನಿಧಾನವಾಗಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಮೊದಲು ಬರೆಸಿ. ಬಿಡಿಸುವುದಕ್ಕೆ ಅವಸರ ಮಾಡಬೇಡಿ.

ಡಬ್ಬಿಯಿಂದ ಅಕ್ಷರಕ್ಕೆ ಹೋಗುವಾಗ ಮಕ್ಕಳು ಹೆದರುತ್ತಾರೆ. ಎಕ್ಸ್ ಅನ್ನುವುದು ಎಲ್ಲಿಂದ ಬಂತು, ಯಾಕೆ ಬಂತು ಅಂತ ಅವರಿಗೆ ಗೊತ್ತಿಲ್ಲ. ಅದಕ್ಕೆ ಮೊದಲ ತಿಂಗಳು ನಾನು 'ಯ' ಅಂತಲೇ ಬರೆಸುತ್ತೇನೆ. ಯಾವುದೋ ಒಂದು, ಅದರ ಯ. ಇದು ನಾನು ಕಂಡುಹಿಡಿದದ್ದಲ್ಲ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ ತಾವತ್' ಅಂದರು. ಎಷ್ಟಿದೆಯೋ ಅಷ್ಟು ಅಂತ ಅರ್ಥ. ಚಿಕ್ಕದಾಗಿ 'ಯಾ' ಅಂತ ಬರೆಯುತ್ತಿದ್ದರು. ಗೊತ್ತಿಲ್ಲದ್ದು ಎರಡು, ಮೂರು ಇದ್ದರೆ ಬಣ್ಣದ ಹೆಸರು. ಕಾಳಕ, ನೀಲಕ, ಪೀತಕ. ಕಪ್ಪಿಗೆ ಕಾ, ನೀಲಿಗೆ ನೀ. ಎಕ್ಸ್, ವೈ, ಝೆಡ್ ಬಳಕೆಗೆ ಬಂದದ್ದು 1637ರಲ್ಲಿ ಫ್ರಾನ್ಸಿನ ಡೆಕಾರ್ಟ್ ಬರೆದ ಮೇಲೆ. ಇದನ್ನು ಮಕ್ಕಳಿಗೆ ಹೇಳಿ. ಅಕ್ಷರ ಯಾವುದಾದರೂ ಆಗಬಹುದು ಅಂತ ಗೊತ್ತಾದ ಮೇಲೆ ಎಕ್ಸ್ ಬಂದರೂ ಅವರು ಹೆದರುವುದಿಲ್ಲ. ಭಾಸ್ಕರಾಚಾರ್ಯರ ಕಾಲದ ಸುಮಾರಿಗೇ ರಾಜಾದಿತ್ಯ ಅನ್ನುವ ಕವಿ ಕನ್ನಡದಲ್ಲೇ ಗಣಿತ ಬರೆದ. ಅವನ ಒಂದು ಗ್ರಂಥದ ಹೆಸರೇ 'ವ್ಯವಹಾರಗಣಿತ'. ವ್ಯವಹಾರದ ಮಾತಿನಿಂದ ಗಣಿತಕ್ಕೆ ಹೋಗುವ ದಾರಿ ನಮ್ಮ ನುಡಿಯಲ್ಲಿ ಎಂಟುನೂರು ವರ್ಷದಿಂದ ಇದೆ.

ಇನ್ನು ಬಸ್ಸು. ಬೀಜೋಕ್ತಿ ಅಂದರೆ ಏನು, ಸಮೀಕರಣ ಅಂದರೆ ಏನು ಅಂತ ಹೇಳಲು ನನಗೆ ಬಸ್ಸಿಗಿಂತ ಒಳ್ಳೆಯದು ಸಿಕ್ಕಿಲ್ಲ. ಬಹಳ ವರ್ಷದಿಂದ ಒಂದು ಲೆಕ್ಕ ಕೊಡುತ್ತಿದ್ದೆ. ಅಪ್ಪ, ಅಮ್ಮ, ಒಬ್ಬ ಮಗ, ಒಬ್ಬಳು ಮಗಳು ಮಂಡ್ಯದಿಂದ ಮೈಸೂರಿಗೆ ಹೊರಟರು. ಫುಲ್ ಟಿಕೆಟ್ಟಿಗೆ ಯ ರೂಪಾಯಿ. ಮಕ್ಕಳಿಗೆ ಅರ್ಧ. ಒಟ್ಟು ಎಷ್ಟು? ಯ + ಯ + ಯ/2 + ಯ/2, ಅಂದರೆ 3ಯ. ಪ್ರತಿ ವರ್ಷ ಇದೇ ಉತ್ತರ. ಆಮೇಲೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಆ ವರ್ಷ ಇದೇ ಲೆಕ್ಕ ಬೋರ್ಡಿನ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಅಮ್ಮಂಗೂ ಮಗಳ್ಗೂ ಫ್ರೀ ಅಲ್ವಾ ಸಾ?" ಅಂದಳು. ಹೌದಲ್ವಾ! ಹಾಗಾದರೆ ಎಷ್ಟು ಅಂದೆ. ಯ + ಯ/2 ಅಂತ ಇಡೀ ಕ್ಲಾಸು ಹೇಳಿತು. ಇನ್ನೊಬ್ಬ, "ಇಬ್ರೂ ಹೆಣ್ಮಕ್ಳಾದ್ರೆ ಬರೀ ಯ ಸಾ" ಅಂದ. ಅಪ್ಪ ಬರದೆ ಅಮ್ಮ, ಮಗಳು ಮಾತ್ರ ಹೋದರೆ? ಸೊನ್ನೆ. ಟಿಕೆಟ್ ದರ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಅದು ಗೊತ್ತಾಗದೆಯೇ ಇಷ್ಟೆಲ್ಲ ಮಾತಾಡಿದರು. ಬೀಜೋಕ್ತಿ ಅಂದರೆ ಅದೇ. ಸಂಖ್ಯೆ ಗೊತ್ತಿಲ್ಲದಿದ್ದರೂ ಅದರ ಬಗ್ಗೆ ಸರಿಯಾಗಿ ಮಾತಾಡುವುದು.

ಈಗ ಕಂಡಕ್ಟರ್ ಬಂದು "90 ರೂಪಾಯಿ ಕೊಡಿ" ಅಂದ ಅಂತ ಇಟ್ಟುಕೊಳ್ಳಿ. ಇದು ಸುಮ್ನೆ ಲೆಕ್ಕಕ್ಕೆ ಹೇಳಿದ್ದು, ಇವತ್ತಿನ ದರ ಅಂದುಕೊಳ್ಳಬೇಡಿ. ಕಂಡಕ್ಟರ್ ಬಾಯಿ ತೆರೆಯುವ ತನಕ ಇದ್ದದ್ದು ಬೀಜೋಕ್ತಿ. ತೆರೆದ ಮೇಲೆ ಅದು ಸಮೀಕರಣವಾಯಿತು. ಯ + ಯ/2 = 90. ಇದನ್ನು ಬಿಡಿಸಲು ನಾನು ಏನೂ ಹೇಳಿಕೊಡಲಿಲ್ಲ. ಒಬ್ಬ ಹುಡುಗ ಬೆರಳು ಮಡಚಿ ಲೆಕ್ಕ ಹಾಕಿದ. ಮೂರು ಅರ್ಧ ಟಿಕೆಟ್ 90, ಒಂದು ಅರ್ಧ 30, ಫುಲ್ ಟಿಕೆಟ್ 60.

ನಮ್ಮ ಜಿಲ್ಲೆಯಲ್ಲಿ ಡೇರಿಗೆ ಹಾಲು ಹಾಕುವ ಮನೆಯ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಅವರಿಗೆ ಬಟವಾಡೆ ಲೆಕ್ಕ ಕೊಡಿ. ಲೀಟರಿಗೆ 36 ರೂಪಾಯಿ ಅಂತ ಇರಲಿ. 15 ದಿನದಲ್ಲಿ ಯ ಲೀಟರ್ ಹಾಕಿದ್ದಾರೆ. ಫೀಡ್ ಮೂಟೆಗೆ 1,240 ರೂಪಾಯಿ ಮುರಿದುಕೊಂಡರು. ಕೈಗೆ ಬಂದದ್ದು 2,000. 'ಮುರ್ಕೊಂಡ್ರು' ಅಂದರೆ ಏನು ಅಂತ ಆ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಅದು ಮನೆಯಲ್ಲಿ ಅಪ್ಪ ಬೇಜಾರಿನಲ್ಲಿ ಹೇಳುವ ಮಾತು. 'ವ್ಯವಕಲನ' ಅಂದರೆ ಮುಖ ನೋಡುವ ಮಗು 'ಮುರ್ಕೊಂಡ್ರು' ಅಂದರೆ ತಾನೇ ಮೈನಸ್ ಹಾಕುತ್ತದೆ. 36ಯ − 1240 = 2000. ಮುರಿದುಕೊಳ್ಳದೆ ಇದ್ದಿದ್ದರೆ 3,240 ಬರಬೇಕಿತ್ತು. ಹಾಗಾದರೆ 90 ಲೀಟರ್. ಇಲ್ಲಿಗೆ ನಿಲ್ಲಿಸಬೇಡಿ. 90 ಲೀಟರ್ ಅಂದರೆ ದಿನಕ್ಕೆ ಎಷ್ಟು? ಆರು. ನಿಮ್ಮ ಮನೆ ಹಸು ಅಷ್ಟು ಕೊಡುತ್ತಾ? "ಕೊಡುತ್ತೆ ಸಾ, ಬೆಳಿಗ್ಗೆ ಮೂರೂವರೆ, ಸಾಯಂಕಾಲ ಎರಡೂವರೆ." ಉತ್ತರ ಸರಿಯಾ ಅಂತ ನೋಡಲು ಪುಸ್ತಕದ ಕೊನೆಯ ಪುಟಕ್ಕೆ ಹೋಗುವ ಬದಲು ಮಗು ಕೊಟ್ಟಿಗೆಗೆ ಹೋಯಿತು. ನನಗೆ ಅದು ಬಹಳ ಇಷ್ಟವಾಯಿತು.

ಇಲ್ಲಿ ಕನ್ನಡ ಹೇಳಿಕೊಡುವವರೂ ಇದ್ದೀರಿ. ಸಣ್ಣ ಶಾಲೆಗಳಲ್ಲಿ ಕನ್ನಡಕ್ಕೂ ಗಣಿತಕ್ಕೂ ಒಬ್ಬರೇ ಇರುತ್ತೀರಿ. ಈ ಮಾತು ನಿಮಗೆ. ಕನ್ನಡದಲ್ಲಿ ಲೆಕ್ಕದ ಅರ್ಥ ಇರುವುದು ಹೆಚ್ಚಾಗಿ ವಿಭಕ್ತಿ ಪ್ರತ್ಯಯದಲ್ಲಿ. ಬುಟ್ಟಿಯಲ್ಲಿ ಯ ಮಾವಿನಹಣ್ಣು ಇವೆ. 'ಬುಟ್ಟಿಯಿಂದ 7 ಹಣ್ಣು ತೆಗೆದರು' ಅನ್ನಿ, '7 ಹಣ್ಣನ್ನು ಬುಟ್ಟಿಯಿಂದ ತೆಗೆದರು' ಅನ್ನಿ, ಎರಡೂ ಯ − 7. ಮಾತಿನ ಸಾಲು ಹಿಂದುಮುಂದಾಯಿತು, ಆದರೆ 'ಇಂದ' ಬುಟ್ಟಿಯನ್ನು ಬಿಡಲಿಲ್ಲ. '20ರಿಂದ ಯ ಕಳೆ' ಅಂದರೆ 20 − ಯ. '20ನ್ನು ಯ ಇಂದ ಕಳೆ' ಅಂದರೆ ಯ − 20. ಪ್ರತ್ಯಯ ಬದಲಾಯಿತು, ಲೆಕ್ಕ ತಲೆಕೆಳಗಾಯಿತು. ಮಕ್ಕಳು ಸಂಖ್ಯೆ ಬಂದ ಸಾಲಿನಲ್ಲೇ ಬರೆಯುತ್ತಾ ಹೋಗುತ್ತಾರೆ. ಸಂಖ್ಯೆಯ ಬಾಲ ನೋಡು ಅಂತ ಕಲಿಸಿ. 'ಇಂದ' ಯಾವುದಕ್ಕೆ ಅಂಟಿಕೊಂಡಿದೆಯೋ ಅದು ಮೈನಸ್ಸಿನ ಎಡಕ್ಕೆ.

ಇನ್ನೊಂದು ಖುಷಿಯ ಸಂಗತಿ ಇದೆ. 'ಅಮ್ಮನ ವಯಸ್ಸು ಮಗಳ ವಯಸ್ಸಿನ ಮೂರರಷ್ಟಕ್ಕಿಂತ 2 ಕಡಿಮೆ.' ಈ ವಾಕ್ಯ ನೋಡಿದರೆ ಮಕ್ಕಳು ಬೆವರುತ್ತಾರೆ. ಒಂದು ಕಾಗದದಿಂದ ಪೂರ್ತಿ ವಾಕ್ಯ ಮುಚ್ಚಿ. 'ಅಮ್ಮನ ವಯಸ್ಸು' ಅನ್ನುವುದನ್ನು ಬಿಟ್ಟು ಅಲ್ಲಿಂದ ಮುಂದಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯಿರಿ. ಮಗಳ ವಯಸ್ಸು: ಯ. ಇನ್ನಷ್ಟು ತೆರೆಯಿರಿ. ಮಗಳ ವಯಸ್ಸಿನ ಮೂರರಷ್ಟು: 3ಯ. ಇನ್ನೂ ತೆರೆಯಿರಿ. ಮೂರರಷ್ಟಕ್ಕಿಂತ 2 ಕಡಿಮೆ: 3ಯ − 2. ಕನ್ನಡ ವಾಕ್ಯ ತಾನೇ ಸರಿಯಾದ ಕ್ರಮದಲ್ಲಿ ಬೀಜೋಕ್ತಿ ಕಟ್ಟಿಕೊಡುತ್ತದೆ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರೆ 2 ಮೊದಲು ಬರುತ್ತದೆ, ಮಗಳು ಕೊನೆಗೆ. ಅದಕ್ಕೇ ಇಂಗ್ಲಿಷ್ ಮೀಡಿಯಂ ಮಕ್ಕಳು ಎಷ್ಟೋ ಸಲ 2 − 3ಯ ಅಂತ ಬರೆಯುತ್ತಾರೆ. ಅಂಥ ಮಗು ನಿಮ್ಮ ಹತ್ತಿರ ಬಂದರೆ ಮೊದಲು ಲೆಕ್ಕವನ್ನು ಕನ್ನಡದಲ್ಲಿ ಹೇಳಿಸಿ. ಮನೆಮಾತು ಬೇರೆ ಇದ್ದರೆ ಆ ಮಾತಿನಲ್ಲಿ ಹೇಳಿಸಿ. ತಾನೇ ಆಡಿದ ವಾಕ್ಯವನ್ನು ಬರೆಯುವುದು ಸುಲಭ.

ಹಾಗಂತ ಪ್ರತ್ಯಯದ ಪಟ್ಟಿಯನ್ನೂ ಬಾಯಿಪಾಠ ಮಾಡಿಸಬೇಡಿ. ಹಳೇ ತಪ್ಪೇ ಹೊಸ ಬಟ್ಟೆ ಹಾಕಿಕೊಂಡು ಬರುತ್ತದೆ. 'ಗೆ' ಒಂದನ್ನೇ ನೋಡಿ. 'ಹುಂಡಿಗೆ 50 ರೂಪಾಯಿ ಹಾಕಿದ' ಅಂದರೆ ಕೂಡುವುದು. 'ಕೆಜಿಗೆ 50 ರೂಪಾಯಿ' ಅಂದರೆ ಗುಣಿಸುವುದು. 'ಮೂವರಿಗೆ ಹಂಚಿದ' ಅಂದರೆ ಭಾಗಿಸುವುದು. ಯಾರಿಗೆ ಏನಾಯಿತು ಅಂತ ಕಣ್ಣ ಮುಂದೆ ತಂದುಕೊಳ್ಳದೆ ಗತಿಯಿಲ್ಲ.

ಈಗ ಒಂದು ಕಷ್ಟದ ವಿಷಯ. ಇದಕ್ಕೆ ಸ್ವಲ್ಪ ಹೊತ್ತು ಬೇಕು.

ಎರಡು ಗೇಣು ಅಂದರೆ ಒಂದು ಮೊಳ. ಹೂವಿನವಳು ಅಳೆದುಕೊಡುವುದನ್ನು ನೋಡಿದ ಮಕ್ಕಳಿಗೆ ಮೊಳ ಗೊತ್ತು. ಮಾಲೆ ಎಷ್ಟು ಮೊಳ ಇದೆಯೋ ಅದು ಮ. ಎಷ್ಟು ಗೇಣು ಇದೆಯೋ ಅದು ಗ. ಇವೆರಡಕ್ಕೂ ಇರುವ ಸಂಬಂಧ ಬರೆಯಿರಿ. ನೀವೇ ಒಂದು ಕಾಗದದಲ್ಲಿ ಬರೆಯಿರಿ. ಪಕ್ಕದವರದ್ದು ನೋಡಬೇಡಿ.

ಮ = 2ಗ ಅಂತ ಬರೆದವರು ಇದ್ದೀರಿ, ನನಗೆ ಕಾಣಿಸುತ್ತಿದೆ. ನಾಚಿಕೆ ಪಡಬೇಕಾಗಿಲ್ಲ. 1980ರ ಸುಮಾರಿಗೆ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದವರಿಗೆ ಇಂಥದೇ ಪ್ರಶ್ನೆ ಕೊಟ್ಟಿದ್ದರು. ಪ್ರೊಫೆಸರ್‌ಗಳ ಆರರಷ್ಟು ವಿದ್ಯಾರ್ಥಿಗಳಿದ್ದಾರೆ, ಸಮೀಕರಣ ಬರೆಯಿರಿ ಅಂತ. ನೂರಕ್ಕೆ 37 ಮಂದಿ ತಪ್ಪು ಬರೆದರು. ಹೆಚ್ಚಿನವರು 6ನ್ನು ವಿದ್ಯಾರ್ಥಿಗಳ ಪಕ್ಕ ಇಟ್ಟರು.

ಯಾಕೆ ಹೀಗಾಗುತ್ತದೆ? 'ಮೊಳಕ್ಕೆ ಎರಡು ಗೇಣು' ಅನ್ನುವಾಗ ಮೊಳ ಅನ್ನುವುದು ಒಂದು ವಸ್ತುವಿನ ಹೆಸರು. ಮಗು 'ಮ' ಬರೆದಾಗ ಅದಕ್ಕೆ 'ಮೊಳ' ಅಂತಲೇ ಕೇಳಿಸುತ್ತದೆ. ನಾವು ಹೇಳಿದ್ದು 'ಮೊಳಗಳ ಎಣಿಕೆ' ಅಂತ. ಈಗ ಒಂದು ಮಾಲೆ ತಂದು ಅಳೆಯಿರಿ. 3 ಮೊಳ ಬಂತು, 6 ಗೇಣು ಬಂತು. ಮ = 2ಗ ಅಂದರೆ 3 ಸಮ 12 ಆಗಿಬಿಡುತ್ತದೆ. ಗ = 2ಮ ಅಂದರೆ 6 ಸಮ 6. ಗೇಣು ಚಿಕ್ಕದು, ಅದಕ್ಕೇ ಅದರ ಎಣಿಕೆ ದೊಡ್ಡದು. ಚಿಕ್ಕದಾಗಿರುವ ಎಣಿಕೆಯನ್ನು ದೊಡ್ಡದು ಮಾಡಿದರೆ ತಾನೇ ಸಮ ಆಗುವುದು?

ಈ ತಪ್ಪನ್ನು ನಾವು ಮೊದಲ ದಿನವೇ ಬಿತ್ತುತ್ತೇವೆ. 'ಬಾಳೆಹಣ್ಣಿಗೆ ಬ, ಸೀಬೆಹಣ್ಣಿಗೆ ಸ, 3ಬ + 2ಸ ಅಂದರೆ ಮೂರು ಬಾಳೆಹಣ್ಣು ಮತ್ತು ಎರಡು ಸೀಬೆಹಣ್ಣು' ಅಂತ ಹೇಳುತ್ತೇವೆ. ಕೇಳಲು ಚೆನ್ನಾಗಿದೆ, ಮಕ್ಕಳು ತಲೆ ಆಡಿಸುತ್ತಾರೆ. ದಯವಿಟ್ಟು ಇದನ್ನು ಬಿಡಿ. ಅಕ್ಷರ ಹಣ್ಣಲ್ಲ, ಸಂಖ್ಯೆ. ಬ ಅಂದರೆ ಒಂದು ಬಾಳೆಹಣ್ಣಿನ ಬೆಲೆ ಎಷ್ಟು ರೂಪಾಯಿ ಅನ್ನುವುದು. ಅಕ್ಷರ ಬರೆಯುವ ಮೊದಲು ಅದು ಏನರ ಎಣಿಕೆ ಅಂತ ಒಂದು ಸಾಲು ಬರೆಯದಿದ್ದರೆ ನಾನು ನೋಟ್‌ಬುಕ್ಕಿಗೆ ಸಹಿ ಹಾಕುವುದಿಲ್ಲ. 'ಯ = ಹಾಲು' ಅಂತ ಬರೆದರೆ ವಾಪಸ್. 'ಯ = 15 ದಿನದಲ್ಲಿ ಹಾಕಿದ ಹಾಲು ಎಷ್ಟು ಲೀಟರ್' ಅಂತ ಬರೆಯಬೇಕು.

ಸಮ ಚಿಹ್ನೆಯ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. 8 + 4 = □ + 5 ಅಂತ ಬೋರ್ಡಿನ ಮೇಲೆ ಬರೆದು ನೋಡಿ. 12 ಅನ್ನುತ್ತಾರೆ. ಸರಿಯಾದದ್ದು 7. ಅವರಿಗೆ ಆ ಎರಡು ಗೆರೆ ಅಂದರೆ 'ಉತ್ತರ ಬರೆ' ಅಂತ ಅರ್ಥ, ಕ್ಯಾಲ್ಕುಲೇಟರಿನ ಗುಂಡಿಯ ಹಾಗೆ. ಆ ಗೆರೆಗಳನ್ನು 1557ರಲ್ಲಿ ಮೊದಲು ಬಳಸಿದವನು ವೇಲ್ಸ್‌ನ ರಾಬರ್ಟ್ ರೆಕಾರ್ಡ್. ಒಂದೇ ಉದ್ದದ ಜೋಡಿ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಬೇರೆ ಯಾವುದಿದೆ ಅನ್ನುವುದು ಅವನು ಕೊಟ್ಟ ಕಾರಣ. ಹಿಂದೆ ನಾವು ತಕ್ಕಡಿ ತೋರಿಸಿ ಇದನ್ನು ಹೇಳುತ್ತಿದ್ದೆವು. ಈಗ ಸಂತೆಯಲ್ಲೂ ಎಲೆಕ್ಟ್ರಾನಿಕ್ ತಕ್ಕಡಿ. ಒಂದೇ ತಟ್ಟೆ, ಅದರ ಕೆಳಗೆ ಕೆಂಪು ಅಂಕಿ. ಅದೂ ಉತ್ತರ ಕೊಡುವ ಯಂತ್ರವೇ. ಎರಡು ತಟ್ಟೆ ತೂಗಾಡಿ ನಿಲ್ಲುವುದನ್ನು ಈಗಿನ ಎಷ್ಟೋ ಮಕ್ಕಳು ನೋಡಿಯೇ ಇಲ್ಲ. ಎರಡು ಕರಟ, ಒಂದು ಕೋಲು, ದಾರ ಸಾಕು. ಮಕ್ಕಳೇ ಮಾಡಲಿ. ಕರಟ ಸ್ವಲ್ಪ ದೊಡ್ಡದಿದ್ದರೆ ಒಂದು ಕಡೆ ಮೂರು ಬೆಲ್ಲದಚ್ಚು, ಜೊತೆಗೆ 100 ಗ್ರಾಂ ಕಲ್ಲು. ಇನ್ನೊಂದು ಕಡೆ ಒಂದು ಕೆಜಿ. ಅಚ್ಚೆಲ್ಲ ಒಂದೇ ತೂಕದವು, ಕೋಲು ಯಾವ ಕಡೆಗೂ ವಾಲದೆ ನಿಂತಿದೆ ಅಂದುಕೊಳ್ಳಿ. 3ಯ + 100 = 1000. ಎರಡೂ ಕಡೆಯಿಂದ 100 ತೆಗೆಯಿರಿ. ಉಳಿದ 900ನ್ನು ಮೂರು ಪಾಲು ಮಾಡಿದರೆ ಒಂದು ಅಚ್ಚು 300 ಗ್ರಾಂ. 'ಆ ಕಡೆಯಿಂದ ಈ ಕಡೆಗೆ ಬಂದರೆ ಪ್ಲಸ್ ಮೈನಸ್ ಆಗುತ್ತೆ' ಅನ್ನುವ ಸೂತ್ರ ಏಳನೇ ಕ್ಲಾಸಿನ ಕೊನೆಯ ತನಕ ಬೇಡ. ತಕ್ಕಡಿಯಲ್ಲಿ ಯಾವುದೂ ಆ ಕಡೆಯಿಂದ ಈ ಕಡೆಗೆ ಹಾರುವುದಿಲ್ಲ.

ಕೊನೆಯದಾಗಿ, ವಾರಕ್ಕೊಂದು ದಿನ ಉಲ್ಟಾ ಮಾಡಿ. ಸಮೀಕರಣ ನೀವು ಕೊಡಿ, ಕತೆ ಅವರು ಹೇಳಲಿ. ನಾನು 4ಯ + 10 = 90 ಅಂತ ಕೊಟ್ಟಿದ್ದೆ. "ನಾಲ್ಕು ಮದ್ದೂರು ವಡೆ, ಒಂದು ಟೀ ಹತ್ತು ರೂಪಾಯಿ, ಎಲ್ಲಾ ಸೇರಿ 90" ಅಂದ ಒಬ್ಬ. "ನಾಲ್ಕು ಮೊಳ ಹೂವು, ಹತ್ತು ರೂಪಾಯಿ ಕರ್ಪೂರ" ಅಂದಳು ಇನ್ನೊಬ್ಬಳು. ಎರಡೂ ಸರಿ. ಮೂರನೆಯವನು, "ನಾಲ್ಕು ಎಳನೀರು ಕುಡಿದ್ವಿ, ಆಮೇಲೆ ಹತ್ತು ಎಳನೀರು ಕುಡಿದ್ವಿ, 90 ರೂಪಾಯಿ ಕೊಟ್ವಿ" ಅಂದ. ಆ ಹುಡುಗ ಪರೀಕ್ಷೆಯಲ್ಲಿ ಯಾವಾಗಲೂ ಸಮೀಕರಣ ಸರಿಯಾಗಿ ಬಿಡಿಸುತ್ತಿದ್ದ. ಅವನ ಮನಸ್ಸಿನಲ್ಲಿ 4ಯ + 10 ಅಂದರೆ 14ಯ ಅಂತ ಇತ್ತು ಅನ್ನುವುದು ಅವನ ಕತೆ ಕೇಳದಿದ್ದರೆ ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ. ಅವನಿಗೆ ಬೈಯಲಿಲ್ಲ. ನಿನ್ನ ಕತೆಯನ್ನು ನೀನೇ ಬರೆ ಅಂದೆ. 4ಯ + 10ಯ ಅಂತ ಬರೆದ. ಬೋರ್ಡು ನೋಡಿದ, ತನ್ನ ನೋಟ್‌ಬುಕ್ ನೋಡಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತರ ಪಕ್ಕ ಯ ಇಲ್ಲ ಸಾ, ಅದು ಎಳನೀರಲ್ಲ, ದುಡ್ಡು" ಅಂದ.

ಒಂದು ಸಲ ಆರನೇ ಕ್ಲಾಸಿಗೆ ಯ + 5 = 3 ಅಂತ ಕೊಟ್ಟೆ. ಇದಕ್ಕೆ ಕತೆ ಆಗುವುದಿಲ್ಲ ಅಂತ ಮಕ್ಕಳೇ ಹೇಳಲಿ, ಆಮೇಲೆ ಋಣ ಸಂಖ್ಯೆ ಪಾಠ ಶುರು ಮಾಡೋಣ ಅಂತ ನನ್ನ ಯೋಚನೆ. ಎಲ್ಲರೂ ಆಗಲ್ಲ ಅಂದರು. ಐದು ಸೇರಿಸಿದ ಮೇಲೆ ಮೂರು ಹೇಗೆ ಆಗುತ್ತೆ ಅಂತ ಕೇಳಿದರು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. ಕ್ಲಾಸಿನಲ್ಲಿ ಜಾಸ್ತಿ ಮಾತಾಡುವವನಲ್ಲ. "ಅಂಗಡೀಲಿ ಎರಡು ರೂಪಾಯಿ ಸಾಲ ಇತ್ತು ಸಾ. ಅವ್ವ ಐದು ರೂಪಾಯಿ ಕೊಟ್ಳು. ಸಾಲ ಕೊಟ್ಟೆ. ಮೂರು ಉಳೀತು" ಅಂದ. 628ರಲ್ಲಿ ಬ್ರಹ್ಮಗುಪ್ತ ಧನ, ಋಣ ಅಂತ ಹೆಸರಿಟ್ಟು ಈ ಲೆಕ್ಕಗಳಿಗೆ ನಿಯಮ ಬರೆದದ್ದು. ಋಣ ಅಂದರೆ ಸಾಲ ಅಂತಲೇ. ನಾನು ಪಾಠದ ಪುಸ್ತಕ ಮುಚ್ಚಿದೆ. ಹುಡುಗನನ್ನು ಕರೆದು ಕೈಗೆ ಸೀಮೆಸುಣ್ಣ ಕೊಟ್ಟು, ಎರಡು ರೂಪಾಯಿ ಸಾಲವನ್ನು ಹೇಗೆ ಬರೆಯುತ್ತೀಯೋ ಹಾಗೆ ಬರೆ ಅಂದೆ. ಅವನು 2 ಬರೆದ. ಬರೀ 2 ಬರೆದರೆ ಕೈಯಲ್ಲಿ ಇದೆ ಅಂತ ಆಗಿಬಿಡುತ್ತೆ ಅಂತ ಅವನಿಗೇ ಅನ್ನಿಸಿರಬೇಕು. ಸ್ವಲ್ಪ ಯೋಚಿಸಿ, ಅದರ ಎಡಕ್ಕೆ ಒಂದು ಸಣ್ಣ ಗೆರೆ ಎಳೆದ.